ಜಯಕ್ಕನ ಊರವರ ಕಲ್ಲು

ಡಬ್ಬದ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಎಷ್ಟು ಬೇಳೆ ಉಳಿದಿದೆ, ಅದು ಎಂದಿನವರೆಗೆ ಬರುತ್ತದೆ ಎಂದು ಹೇಳಬಲ್ಲವರಾಗಿದ್ದರು ನಮ್ಮ ಜಯಕ್ಕ. ಮುಚ್ಚಳ ತೆಗೆದು ನೋಡುವುದು ಅವರ ಪ್ರಕಾರ ನಂಬಿಕೆಯಿಲ್ಲದವರ ಲಕ್ಷಣ. ನೆಂಟರ ಮನೆಗೆ ಹೋದಾಗಲೂ ಈ ಚಾಳಿ ಬಿಡುತ್ತಿರಲಿಲ್ಲ. ಮಾತಾಡುತ್ತಲೇ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವರು. ಕೈ ತಾನಾಗಿ ಹೋಗಿ ಒಂದು ಡಬ್ಬವನ್ನು ತಟ್ಟುವುದು, ಇನ್ನೊಂದನ್ನು ಚೂರು ಪಕ್ಕಕ್ಕೆ ಸರಿಸುವುದು. ಅವರು ಬಂದುಹೋದ ಮನೆಗಳಲ್ಲಿ ಮರುದಿನ ಉಪ್ಪಿಗಾಗಿ ಹುಡುಕಾಟ ನಡೆಯುತ್ತದೆ ಎಂದು ಅವರ ಯಜಮಾನರು, ಅಂದರೆ ನನ್ನ ಭಾವನವರು, ಎಲ್ಲರೆದುರು ಹೇಳಿ ನಗುತ್ತಿದ್ದರು. ಜಯಕ್ಕ ಅದಕ್ಕೆ ಬೇಜಾರು ಮಾಡಿಕೊಂಡವರಲ್ಲ. ಹುಡುಕಿದ ಮೇಲೆ ಸಿಕ್ಕಿತಲ್ಲ, ಸಿಕ್ಕಿದ್ದು ಸರಿಯಾದ ಜಾಗದಲ್ಲೇ ಸಿಕ್ಕಿರುತ್ತದೆ ಎನ್ನುವುದು ಅವರ ಉತ್ತರ.

ಜಯಕ್ಕ ನನ್ನ ಓರಗಿತ್ತಿ, ಮನೆಯ ಹಿರಿ ಸೊಸೆ. ತೊಂಬತ್ತರ ದಶಕದ ಮೊದಲಲ್ಲಿ ನಾನು ಎರಡನೆಯ ಸೊಸೆಯಾಗಿ ಆ ಮನೆಗೆ ಬಂದೆ. ಹಲಸೂರಿನಿಂದ ಮರ್ಫಿ ಟೌನಿಗೆ ತಿರುಗುವ ಗಲ್ಲಿಯೊಂದರಲ್ಲಿ ನಮ್ಮ ಮನೆ. ಮಾವನವರ ಕಾಲದಲ್ಲಿ ತರಕಾರಿ ಬೆಳೆಯುತ್ತಿದ್ದ ಮನೆತನವಂತೆ. ಹೊಲಗಳೆಲ್ಲ ಬಡಾವಣೆಗಳಾಗಿ, ನಾನು ಬರುವ ಹೊತ್ತಿಗೆ ಹಿತ್ತಲಿನಲ್ಲಿ ಒಂದು ಕರಿಬೇವಿನ ಗಿಡ ಮಾತ್ರ ಉಳಿದಿತ್ತು. ಭಾವನವರು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ನನ್ನ ಗಂಡ ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿದ್ದರು, ನಾನು ಮನೆ ಹತ್ತಿರದ ಶಾಲೆಯಲ್ಲಿ ಟೀಚರ್. ಮೈದುನ ಆಗ ಕೆಲಸ ಹುಡುಕುವ ನೆಪದಲ್ಲಿ ಕ್ರಿಕೆಟ್ ಆಡುತ್ತಿದ್ದ. ಮಾವನವರಿಗೆ ಮಧ್ಯಾಹ್ನಕ್ಕೆ ಬಿಸಿ ಮುದ್ದೆಯೇ ಆಗಬೇಕು. ಇದರ ಮೇಲೆ ಮಕ್ಕಳು. ಇಷ್ಟು ಜನರಲ್ಲಿ ಇಬ್ಬರು ಒಂದೇ ಹೊತ್ತಿಗೆ ಕೂತು ಊಟ ಮಾಡಿದ್ದನ್ನು ಹಬ್ಬದ ದಿನ ಬಿಟ್ಟರೆ ನಾನು ನೋಡಿದ್ದಿಲ್ಲ.

ಇಂಥ ಮನೆಯನ್ನು ಜಯಕ್ಕ ಉಗ್ರಾಣದಿಂದ ಆಳುತ್ತಿದ್ದರು. ಅಡುಗೆಮನೆಗೆ ಅಂಟಿಕೊಂಡಿದ್ದ, ಬಾಗಿಲಿಲ್ಲದ ಸಣ್ಣ ಕೋಣೆ ಅದು. ಗೋಡೆಯುದ್ದಕ್ಕೂ ಕಡಪ ಕಲ್ಲಿನ ಹಲಗೆಗಳು. ಬೇರೆಯವರ ಮನೆಯಲ್ಲಿ ಬೇಳೆಗಳೆಲ್ಲ ಒಂದು ಕಡೆ, ಹಿಟ್ಟುಗಳೆಲ್ಲ ಒಂದು ಕಡೆ ಇರುತ್ತವೆ. ನಮ್ಮಲ್ಲಿ ಹಾಗಿರಲಿಲ್ಲ. ಸೊಂಟದ ಎತ್ತರದ ಹಲಗೆಯ ಹೆಸರು ಬಸ್ಸಿನ ಕಲ್ಲು. ಭಾವನವರ ಫ್ಯಾಕ್ಟರಿ ಬಸ್ಸು ಬರುವುದರೊಳಗೆ ಬೇಕಾಗುವ ರವೆ, ಕಾಫಿ ಪುಡಿ, ಸಕ್ಕರೆ, ಅವರ ಊಟದ ಡಬ್ಬಿ ಎಲ್ಲ ಅಲ್ಲಿ. ಅದರ ಮೇಲಿನದು ಬೆಲ್ಲಿನ ಕಲ್ಲು. ಶಾಲೆಯ ಬೆಲ್ಲು ಹೊಡೆಯುವುದರೊಳಗೆ ಓಡಬೇಕಾದ ನನ್ನ ಮತ್ತು ಮಕ್ಕಳ ಸಾಮಾನು ಅಲ್ಲಿ. ಕೈಗೆಟುಕದ ಎತ್ತರದಲ್ಲಿ ಸೋಮಾರಿ ಕಲ್ಲು. ಅವಸರವಿಲ್ಲದ ಹಪ್ಪಳ, ಸಂಡಿಗೆ, ಹುಣಸೆಹಣ್ಣುಗಳ ಜಾಗ ಅದು. ಮೈದುನನ ಕಾಫಿ ಲೋಟವನ್ನೂ ಜಯಕ್ಕ ಅಲ್ಲೇ ಇಟ್ಟಿದ್ದರು. ಮುಂದೆ ಅವನಿಗೆ ಕೆಲಸ ಸಿಕ್ಕಿದ ದಿನ ಲೋಟ ಬಸ್ಸಿನ ಕಲ್ಲಿಗೆ ಇಳಿಯಿತು. ಅವನು ನೇಮಕದ ಸುದ್ದಿಗಿಂತ ಲೋಟದ ಸುದ್ದಿಯನ್ನೇ ಬೀದಿಯಲ್ಲಿ ಹೆಚ್ಚು ಹೇಳಿಕೊಂಡು ತಿರುಗಿದ.

ಬಂದ ಹೊಸದರಲ್ಲಿ ನನಗೆ ಈ ಏರ್ಪಾಟು ತಲೆಬುಡ ತಿಳಿಯುತ್ತಿರಲಿಲ್ಲ. ಸಾಸಿವೆ ಬಸ್ಸಿನ ಕಲ್ಲಿನಲ್ಲೂ ಇತ್ತು, ಬೆಲ್ಲಿನ ಕಲ್ಲಿನಲ್ಲೂ ಇತ್ತು, ಒಲೆಯ ಪಕ್ಕದಲ್ಲೂ ಇತ್ತು. ನಾನು ಓದಿದವಳ ಗತ್ತಿನಲ್ಲಿ ಒಂದು ಭಾನುವಾರ ಎಲ್ಲ ಸಾಸಿವೆಯನ್ನೂ ಒಂದೇ ಡಬ್ಬಕ್ಕೆ ಸುರಿದು ಇಟ್ಟೆ. ಸೋಮವಾರ ಬೆಳಿಗ್ಗೆ ಅವರು ಉಪ್ಪಿಟ್ಟಿಗೆ, ನಾನು ಚಿತ್ರಾನ್ನಕ್ಕೆ ಒಟ್ಟಿಗೆ ಒಗ್ಗರಣೆ ಇಡಲು ಹೊರಟು, ಒಂದೇ ಡಬ್ಬಕ್ಕೆ ಇಬ್ಬರೂ ಕೈ ಹಾಕಿ, ಡಬ್ಬ ಕೆಳಗೆ ಬಿದ್ದು ಅಡುಗೆಮನೆಯೆಲ್ಲ ಸಾಸಿವೆಯಾಯಿತು. ಭಾವನವರು ಉಪ್ಪಿಟ್ಟಿಲ್ಲದೆ ಬಸ್ಸು ಹತ್ತಿದರು.

"ಸಾಸಿವೆ ಹುಡುಕ್ತಾ ನಿಂತ್ರೆ ಬಸ್ಸು ನಿಲ್ಲುತ್ತಾ ವಿಮಲ?" ಎಂದರು ಜಯಕ್ಕ, ನೆಲ ಗುಡಿಸುತ್ತ. "ಸಾಮಾನು ಎಲ್ಲಿದ್ರೆ ಚೆನ್ನಾಗಿ ಕಾಣುತ್ತೆ ಅಂತ ನೋಡ್ಬಾರ್ದು. ಯಾರ ಕೈ ಯಾವಾಗ ಅಲ್ಲಿಗೆ ಬರುತ್ತೆ ಅಂತ ನೋಡ್ಬೇಕು."

ಅಂದಿನಿಂದ ನಾನು ಸಾಸಿವೆಯ ತಂಟೆಗೆ ಹೋಗಲಿಲ್ಲ. ಆದರೆ ಉಗ್ರಾಣದಲ್ಲಿ ಇನ್ನೊಂದು ಕಲ್ಲಿತ್ತು. ಅದರ ಮೇಲೆ ನನ್ನ ಕಣ್ಣು ಮೊದಲ ದಿನವೇ ಬಿದ್ದಿತ್ತು. ಹೊಸ್ತಿಲಿಗೆ ಎದುರಾಗಿ, ಎದೆಯ ಎತ್ತರದಲ್ಲಿ, ಬೆಳಕು ಚೆನ್ನಾಗಿ ಬೀಳುವ ಹಲಗೆ. ಮನೆಯಲ್ಲೇ ಒಳ್ಳೆಯ ಜಾಗ ಅದು. ಅಲ್ಲಿ ನಮ್ಮ ಮನೆಯ ಒಂದು ಚಮಚವೂ ಇರುತ್ತಿರಲಿಲ್ಲ. ಅದು ಊರವರ ಕಲ್ಲು. ಅಕ್ಕಪಕ್ಕದ ಮನೆಗಳಿಂದ ತಿಂಡಿ ಹೊತ್ತು ಬಂದ ಪಾತ್ರೆಗಳು ತೊಳೆಸಿಕೊಂಡು, ಒರೆಸಿಕೊಂಡು, ವಾಪಸು ಹೋಗುವ ದಿನಕ್ಕಾಗಿ ಅಲ್ಲಿ ಕಾಯುತ್ತಿದ್ದವು.

ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ಎಲ್ಲ ಮನೆಗಳಲ್ಲೂ ಇರುವ ಪದ್ಧತಿ. ಉಳಿದವರು ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಜಯಕ್ಕನಿಗೆ ಅದು ತಪ್ಪಿಸಿಕೊಳ್ಳುವ ದಾರಿಯಾಗಿ ಕಾಣುತ್ತಿತ್ತು. ಯಾರ ಪಾತ್ರೆಗೆ ಏನು ಹೋಗಬೇಕು ಎಂಬುದನ್ನು ಅವರು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿರುತ್ತಿದ್ದರು. ಮೂಲೆಮನೆಯವರಿಗೆ ಹುಳಿಯವಲಕ್ಕಿ ಇಷ್ಟ, ಆಚೆಮನೆಯ ಅಜ್ಜಿಗೆ ಹಲ್ಲಿಲ್ಲ, ಆದ್ದರಿಂದ ಪಾಯಸ. ಅದನ್ನು ಮಾಡುವ ದಿನ ಬರುವವರೆಗೆ ಪಾತ್ರೆ ಕೂತಿರಬೇಕು. ಅವಸರದಲ್ಲಿ ಹಿಂದಿರುಗಿಸುವುದು ಅವರಿಗೆ ಇಷ್ಟವೇ ಇರಲಿಲ್ಲ. "ಪಾತ್ರೆ ಇದ್ರೆ ಮಾತು ಇರುತ್ತೆ" ಎನ್ನುತ್ತಿದ್ದರು. ಅವರ ಪಾತ್ರೆಗಳೂ ಹಾಗೆಯೇ ಬೀದಿಯ ತುಂಬ ಹರಡಿಕೊಂಡಿರುತ್ತಿದ್ದವು. ಮದುವೆಯಲ್ಲಿ ಅವರ ತಂದೆ ಕೊಟ್ಟಿದ್ದ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಅಂಗಡಿಯವನಿಂದ 'ಜಯಮ್ಮ' ಎಂದು ಕೊರೆಸಿದ್ದರು. ಅವುಗಳಲ್ಲಿ ಅರ್ಧವನ್ನು ತಮ್ಮ ಹೆಂಡತಿ ಬೀದಿಗೆ ಧಾರೆ ಎರೆದಿದ್ದಾಳೆಂದು ಭಾವನವರು ಗೊಣಗುವರು. ಜಯಕ್ಕನದು ಯಾವಾಗಲೂ ಒಂದೇ ಮಾತು: "ಪಾತ್ರೆಗೇನ್ರೀ ಅವಸರ?"

ನಮ್ಮ ಎದುರುಮನೆಯಲ್ಲಿ ಸೆಲ್ವಿ ಇದ್ದಳು. ಜಯಕ್ಕನಿಗಿಂತ ಸ್ವಲ್ಪ ಚಿಕ್ಕವಳು, ತಮಿಳಿನವಳು. ಜಯಕ್ಕನ ಜೊತೆ ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ದಿನವಿಡೀ ಹರಟುತ್ತಿದ್ದಳು. ಒಂದು ವರ್ಷ ತಮಿಳರ ಹೊಸ ವರ್ಷಕ್ಕೆ ಅವಳ ಮನೆಯಿಂದ ಟಿಫಿನ್ ಕ್ಯಾರಿಯರ್ ತುಂಬ ವಡೆ, ಪಾಯಸ ಬಂತು. ಕ್ಯಾರಿಯರ್ ತೊಳೆಸಿಕೊಂಡು ಊರವರ ಕಲ್ಲಿನ ಮೇಲೆ ಕೂತಿತು. ಆ ವಾರವೇ ಜಗಳವಾಯಿತು. ಜಯಕ್ಕ ನಮ್ಮ ಮಹಡಿಯ ಮೇಲೆ ವರ್ಷಕ್ಕಾಗುವಷ್ಟು ಸಂಡಿಗೆ ಹಾಕಿದ್ದರು. ಸೆಲ್ವಿ ಬಟ್ಟೆ ಒಗೆದವಳು, ತನ್ನ ಮನೆಯಲ್ಲಿ ಬಿಸಿಲಿಲ್ಲವೆಂದು ಹಸಿ ಸೀರೆಗಳನ್ನು ತಂದು ನಮ್ಮ ಮಹಡಿಯ ತಂತಿಯ ಮೇಲೆ ಹರವಿ ಹೋದಳು. ನೀಲಿ ನೀರು ಸೋರಿ ಸಂಡಿಗೆಯೆಲ್ಲ ನೀಲಿಯಾಯಿತು. ಜಯಕ್ಕ ಕಣ್ಣಿಲ್ಲವೇ ಎಂದರು. ತಂತಿಯ ಕೆಳಗೆ ಯಾರಾದರೂ ಸಂಡಿಗೆ ಹಾಕುತ್ತಾರೆಯೇ ಎಂದು ಸೆಲ್ವಿ ಕೇಳಿದಳು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗಿ ಇಬ್ಬರ ತವರುಮನೆಗಳನ್ನೂ ಮುಟ್ಟಿ ಬಂತು. ಆಮೇಲೆ ಎರಡು ಮನೆಗಳ ನಡುವೆ ಮಾತು ನಿಂತೇಹೋಯಿತು.

ಕ್ಯಾರಿಯರ್ ಮಾತ್ರ ಕಲ್ಲಿನ ಮೇಲೇ ಇತ್ತು. ತುಂಬಿಸಿ ಕಳಿಸಿದರೆ ಸೋತಂತೆ, ಬರಿದಾಗಿ ಕಳಿಸಿದರೆ ಕೈಬಿಟ್ಟಂತೆ. ಜಯಕ್ಕ ಎರಡನ್ನೂ ಮಾಡದೆ ದಿನವೂ ಅದರ ದೂಳು ಒರೆಸುತ್ತಿದ್ದರು. ಮಾತು ಬಿಟ್ಟವರ ಪಾತ್ರೆಯನ್ನು ಹೀಗೆ ಫಳಫಳ ಇಡುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ಕೆಣಕಬೇಕೆನ್ನಿಸಿ, ಕೋಪ ಇನ್ನೂ ಇದೆಯೇ ಎಂದು ಒಮ್ಮೆ ಕೇಳಿದೆ. ಕೋಪ ಮನುಷ್ಯರ ಮೇಲೆ, ಕ್ಯಾರಿಯರ್ ಏನು ಮಾಡಿತು ಎಂದರು.

ಬೇಸಿಗೆ ಹೋಗಿ, ಮಳೆಗಾಲ ಬಂದು, ಗೌರಿ ಹಬ್ಬವೂ ಬಂತು. ಭಾವನವರು ರಜೆಯಲ್ಲಿದ್ದರು. ಹೆಂಡತಿಗೆ ಸಹಾಯ ಮಾಡಬೇಕೆಂಬ ಆಸೆ ಅವರಿಗೆ ಹುಟ್ಟುತ್ತಿದ್ದುದೇ ಅಪರೂಪ. ಅದು ಆ ದಿನವೇ ಹುಟ್ಟಿಬಿಟ್ಟಿತು. ಜಯಕ್ಕ ಸ್ನಾನಕ್ಕೆ ಹೋದಾಗ ಉಗ್ರಾಣಕ್ಕೆ ನುಗ್ಗಿ, ಹಬ್ಬದ ಸಾಮಾನಿಗೆ ಜಾಗ ಮಾಡುತ್ತೇನೆಂದು ಊರವರ ಕಲ್ಲನ್ನು ಖಾಲಿ ಮಾಡಿದರು. ಕ್ಯಾರಿಯರನ್ನು ಎತ್ತಿಕೊಂಡು ನೇರವಾಗಿ ಎದುರುಮನೆಗೆ ಹೋಗಿ ಸೆಲ್ವಿಯ ಕೈಗೆ ಕೊಟ್ಟರು. ಅವಳು ಅಲ್ಲೇ ನಿಂತು ಒಂದೊಂದೇ ಮುಚ್ಚಳ ತೆಗೆದು ನೋಡಿದಳಂತೆ. ಎಲ್ಲವೂ ಖಾಲಿ. ಬಾಗಿಲು ಹಾಕಿಕೊಂಡಳಂತೆ. ಭಾವನವರು ಇದನ್ನೆಲ್ಲ ದೊಡ್ಡ ಕೆಲಸ ಮುಗಿಸಿ ಬಂದವರ ಹಾಗೆ ಹೆಂಡತಿಗೆ ಹೇಳಿದರು. ಚೆನ್ನಾಗಿ ಒರೆಸಿಯೇ ಕೊಟ್ಟೆ ಎಂದೂ ಸೇರಿಸಿದರು.

ಒದ್ದೆ ಕೂದಲಿನ ಜಯಕ್ಕ ಉಗ್ರಾಣದ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಖಾಲಿ ಕೊಟ್ರಾ?" ಎಂದರು. "ಇನ್ಮೇಲೆ ನಿಮ್ಮ ಸಹವಾಸ ಬೇಡ ಅಂತ ಹೇಳಿ ಬಂದ್ರಲ್ಲ ರೀ, ಹಬ್ಬದ ದಿನ."

ಭಾವನವರಿಗೆ ಆಗ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಜಯಕ್ಕ ಹೆಚ್ಚು ಹೊತ್ತು ಕೂರಲಿಲ್ಲ. ಎದ್ದು ನೈವೇದ್ಯಕ್ಕೂ ಮುಂಚೆ ಕಡುಬು ಬೇಯಿಸಿದರು. ಈಗ ತೊಡಕೇನೆಂದರೆ, ಸೆಲ್ವಿಯ ಪಾತ್ರೆ ಯಾವುದೂ ನಮ್ಮಲ್ಲಿ ಉಳಿದಿರಲಿಲ್ಲ. ಹಬ್ಬದ ನೆಪದಲ್ಲಿ ಅವಳ ಪಾತ್ರೆಯಲ್ಲಿ ಕಳಿಸಿದ್ದರೆ ವಾಪಸು ಕೊಟ್ಟಂತಾಗುತ್ತಿತ್ತು, ಯಾರ ಮರ್ಯಾದೆಗೂ ಕುಂದಿರಲಿಲ್ಲ. ನಮ್ಮ ಪಾತ್ರೆಯಲ್ಲಿ ಒಯ್ದರೆ ನಾವೇ ಮೊದಲು ಮಾತಾಡಿದಂತೆ. ಜಯಕ್ಕ ಒಂದು ಗಳಿಗೆ ಕಲ್ಲಿನ ಮುಂದೆ ನಿಂತು ಯೋಚಿಸಿದರು. ಆಮೇಲೆ ಸೋಮಾರಿ ಕಲ್ಲಿನಿಂದ ಅವರ ತಂದೆ ಕೊಟ್ಟಿದ್ದ ಮುಚ್ಚಳದ ದೊಡ್ಡ ಡಬ್ಬಿಯನ್ನು ಇಳಿಸಿ, ಕಡುಬು ತುಂಬಿಕೊಂಡು, ತಾವೇ ಬೀದಿ ದಾಟಿದರು.

ಒಳಗೆ ಏನು ಮಾತಾಯಿತೋ ಇಂದಿಗೂ ಗೊತ್ತಿಲ್ಲ. ಇತ್ತ ಪೂಜೆಯ ಹೊತ್ತು ಮೀರುತ್ತಿತ್ತು, ಮಾವನವರು ಗೌರಿಗಿಂತ ಮೊದಲು ತಮಗೆ ಹಸಿವಾಗುತ್ತಿದೆ ಎನ್ನುತ್ತಿದ್ದರು. ಬಹಳ ಹೊತ್ತಿನ ಮೇಲೆ ಜಯಕ್ಕ ಬರಿಗೈಯಲ್ಲಿ, ಕಣ್ಣು ಕೆಂಪು ಮಾಡಿಕೊಂಡು ಬಂದರು. ಎಲ್ಲರೂ ಸುತ್ತ ನಿಂತು ಏನಾಯಿತೆಂದು ಕೇಳಿದೆವು.

"ಉಪ್ಪಿನ ಜಾಡೀನ ಒಲೆ ಪಕ್ಕದಲ್ಲೇ ಇಟ್ಕೊಂಡಿದ್ಲು, ಎಲ್ಲಾ ನೀರು ಬಿಟ್ಕೊಂಡಿತ್ತು. ಜಾಗ ಬದಲಾಯಿಸ್ಬಿಟ್ಟು ಬಂದೆ" ಎಂದರು ಜಯಕ್ಕ.

ಆ ದೊಡ್ಡ ಡಬ್ಬಿ ಮಾತ್ರ ಎದುರುಮನೆಯಿಂದ ಹಿಂದಿರುಗಲೇ ಇಲ್ಲ. ಸೆಲ್ವಿ ಏನೇ ಕಳಿಸಿದರೂ ತನ್ನ ಪಾತ್ರೆಯಲ್ಲೇ ಕಳಿಸುವಳು. ಡಬ್ಬಿಯನ್ನು ಯಾಕೆ ಇಟ್ಟುಕೊಂಡಿದ್ದಾಳೆಂದು ಭಾವನವರು ಕೇಳಿದಾಗಲೆಲ್ಲ ಜಯಕ್ಕ ಪಾತ್ರೆಗೇನ್ರೀ ಅವಸರ ಎಂದೇ ಹೇಳಿ ಮುಗುಳ್ನಗುವರು.

ಮುಂದಿನ ದಶಕದ ನಡುವಿನಲ್ಲಿ ನಾವು ಮನೆಯನ್ನು ರಿಪೇರಿ ಮಾಡಿಸಿದೆವು. ಮಾಡ್ಯುಲರ್ ಕಿಚನ್ ಬೇಕೆಂದು ಹಟ ಹಿಡಿದವಳು ನಾನೇ. ಇಂದಿರಾನಗರದ ನನ್ನ ಸಹೋದ್ಯೋಗಿಯ ಮನೆಯಲ್ಲಿ ನೋಡಿ ಬಂದಿದ್ದೆ. ಎಳೆದರೆ ಬರುವ ಬುಟ್ಟಿಗಳು, ತಳ್ಳಿದರೆ ಮುಚ್ಚುವ ಬಾಗಿಲುಗಳು. ಜೊತೆಗೆ ಒಂದು ಓವನ್ ಕೂಡ ತಂದಿದ್ದೆ. ಕಿಚನ್ ಮಾಡುವವನು ಬಂದು, ಅಳತೆ ತೆಗೆದು, ಉಗ್ರಾಣದ ಗೋಡೆ ಒಡೆದು ಎಲ್ಲವನ್ನೂ ಒಂದೇ ಮಾಡುವ ಚಿತ್ರ ಬರೆದುಕೊಟ್ಟ. ಅದರಲ್ಲಿ ಊರವರ ಕಲ್ಲಿದ್ದ ಜಾಗಕ್ಕೆ ಸರಿಯಾಗಿ ನನ್ನ ಓವನ್ ಬಂದು ಕೂತಿತ್ತು. ಜಯಕ್ಕ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು, ಅವನಿಗೆ ಕಾಫಿ ಕೊಟ್ಟರು, ಆಮೇಲೆ ಊರವರ ಪಾತ್ರೆಗಳು ಎಲ್ಲಿ ಎಂದು ಕೇಳಿದರು. ಅವನು ಕೆಳಗಿನ ಒಂದು ಮೂಲೆಯನ್ನು ತೋರಿಸಿ, ಅಲ್ಲಿಟ್ಟು ಬಾಗಿಲು ಹಾಕಿದರೆ ಕಾಣುವುದೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿದ.

"ಕಾಣ್ಸದೇ ಇದ್ರೆ ಮರ್ತೇಬಿಡ್ತೀವಲ್ಲಪ್ಪ" ಎಂದರು ಜಯಕ್ಕ. "ಅದು ದಿನಾ ಕಣ್ಣಿಗೆ ಬೀಳ್ಬೇಕು ಅಂತಾನೇ ಅಲ್ಲಿಟ್ಟಿರೋದು."

ನಾನು ವಾದ ಮಾಡಿದೆ, ಮುನಿಸಿಕೊಂಡೆ, ಗಂಡನ ಕೈಯಲ್ಲಿ ಹೇಳಿಸಿದೆ. ಏನೂ ನಡೆಯಲಿಲ್ಲ. ಕೊನೆಗೆ ಮಿರುಗುವ ಬಾಗಿಲುಗಳ ನಡುವೆ ಆ ಹಳೆಯ ಕಡಪ ಕಲ್ಲು ಹಾಗೇ ಉಳಿಯಿತು. ನನ್ನ ಓವನ್ ಹಾಲಿನಲ್ಲಿ ಟಿವಿಯ ಪಕ್ಕ ಹೋಗಿ ಕೂತಿತು. ಮಾವನವರು ಅದಕ್ಕೂ ಟಿವಿಗೆ ಹೊದಿಸುವಂಥದೇ ಕಸೂತಿ ಬಟ್ಟೆ ಹೊದಿಸಿದರು. ನಾನು ವರ್ಷಗಟ್ಟಲೆ ಬಿಸಿ ಮಾಡಲು ಅನ್ನದ ತಟ್ಟೆ ಹಿಡಿದು ಅಡುಗೆಮನೆಯಿಂದ ಹಾಲಿಗೆ ಓಡಾಡಿದೆ. ಹಾಗೆ ಓಡುವಾಗೆಲ್ಲ ಜಯಕ್ಕ ದಾರಿ ಬಿಟ್ಟು ನಿಂತು, "ನಿಧಾನ, ವಾರ್ತೆ ಟೈಮು" ಎನ್ನುತ್ತಿದ್ದರು.

ಆದರೆ ಜಯಕ್ಕನ ಕಲ್ಲನ್ನು ಸೋಲಿಸಲು ಬಂದದ್ದು ಓವನ್ ಅಲ್ಲ, ಹೋಟೆಲಿನ ಪಾರ್ಸೆಲ್ ಡಬ್ಬ. ಮೂಲೆಮನೆಯ ಮಹಡಿಗೆ ಮಹದೇವಪುರದ ಕಡೆ ಕೆಲಸಕ್ಕೆ ಹೋಗುವ ಹೊಸ ದಂಪತಿ ಬಾಡಿಗೆಗೆ ಬಂದರು. ಆ ಹುಡುಗಿ ಒಂದು ದಿನ ಪ್ಲಾಸ್ಟಿಕ್ ಡಬ್ಬದಲ್ಲಿ ಕೇಸರಿಬಾತು ತಂದುಕೊಟ್ಟು, ಡಬ್ಬ ವಾಪಸ್ ಬೇಡ ಆಂಟಿ ಎಂದು ಹೇಳಿ ಹೋದಳು. ಜಯಕ್ಕನಿಗೆ ಕೇಸರಿಬಾತು ಗಂಟಲಲ್ಲಿ ಇಳಿಯಲಿಲ್ಲ. ವಾಪಸ್ ಬೇಡ ಅಂದರೆ ಇನ್ನು ಬರುವುದು ಬೇಡ ಎಂದರ್ಥವೇ ಎಂದು ನನ್ನನ್ನು ಕೇಳಿದರು. ಪಾಪ ಅವಳು ಉಪಕಾರಕ್ಕೆ ಹೇಳಿದ್ದು ಎಂದು ಎಷ್ಟು ತಿಳಿಸಿದರೂ ಕೇಳದೆ, ಆ ಎಸೆಯುವ ಡಬ್ಬವನ್ನು ತೊಳೆದು ಕಲ್ಲಿನ ಮೇಲಿಟ್ಟು, ಚಕ್ಕುಲಿ ಮಾಡಿದ ದಿನ ತುಂಬಿಸಿ ಕೊಟ್ಟುಬಂದರು. ಹುಡುಗಿ ಅದರಲ್ಲೇ ಮತ್ತೇನೋ ಕಳಿಸಿದಳು. ಹೀಗೆ ಹೋಗಿ ಬಂದು ಡಬ್ಬದ ಮುಚ್ಚಳ ಸೀಳಿದ ಮೇಲೆ, ಜಯಕ್ಕ ತಮ್ಮ ಹೆಸರಿನ ಒಂದು ಸ್ಟೀಲ್ ಡಬ್ಬಿಯನ್ನು ಅವಳ ಮನೆಗೆ ಸೇರಿಸಿಬಂದರು.

ಆದರೂ ಕಲ್ಲು ಬರಿದಾಗುತ್ತ ಬಂತು. ಹಳಬರಲ್ಲಿ ಹಲವರು ಮನೆ ಮಾರಿ ಕೆ.ಆರ್. ಪುರದ ಆಚೆ ಹೋದರು. ಉಳಿದವರಿಗೂ ಹಬ್ಬದ ತಿಂಡಿ ಅಂಗಡಿಯಿಂದ ತರುವ ರೂಢಿಯಾಯಿತು. ಜಯಕ್ಕ ಏನೂ ಇಲ್ಲದ ಕಲ್ಲನ್ನು ದಿನಾ ಒರೆಸುತ್ತಿದ್ದರು. ನನಗೆ ಅದನ್ನು ನೋಡಿ ನಗು ಬರುತ್ತಿತ್ತು. ಒಮ್ಮೊಮ್ಮೆ ಸಂಕಟವೂ ಆಗುತ್ತಿತ್ತು.

ಆಮೇಲೆ ಅವರಿಗೆ ಕಾಯಿಲೆಯಾಯಿತು. ಆಸ್ಪತ್ರೆಗೆ ಸೇರಿಸಿದೆವು. ನಾನು ನೋಡಲು ಹೋದಾಗ ಹಾಸಿಗೆಯ ಪಕ್ಕದ ಸಣ್ಣ ಕಪಾಟನ್ನೂ ತಮ್ಮ ಪದ್ಧತಿಗೆ ತಂದಿದ್ದರು. ಬೆಳಗಿನ ಮಾತ್ರೆ ಕೈಗೆಟುಕುವಲ್ಲಿ, ರಾತ್ರಿಯದು ಹಿಂದೆ. ನೆಂಟರು ತಂದ ಕಿತ್ತಳೆ ಹಣ್ಣು ಸೋಮಾರಿಗಳ ಜಾಗದಲ್ಲಿ. ನರ್ಸು ಇದನ್ನು ಹೇಳಿಕೊಂಡು ನಗುತ್ತಿದ್ದಳು. ಅವಳು ಹೋದ ಮೇಲೆ ಜಯಕ್ಕ ನನ್ನ ಕೈ ಹಿಡಿದುಕೊಂಡು ಕೇಳಿದರು.

"ಕಲ್ಲಿನ ಮೇಲೆ ಏನಿದೆ ವಿಮಲ?"

ಯಾರಿಗೂ ಏನೂ ಕೊಡುವುದು ಬಾಕಿ ಇಲ್ಲ ಎಂದರೆ ನಿಶ್ಚಿಂತೆಯಾಗಬಹುದೆಂದುಕೊಂಡು, "ಏನೂ ಇಲ್ಲ ಅಕ್ಕ, ಖಾಲಿ" ಎಂದೆ.

"ಖಾಲೀನಾ?" ಎಂದರು. "ಹಂಗಾದ್ರೆ ಬೀದೀಲಿ ಯಾರ್ಗೂ ನಮ್ಮ ಹತ್ರ ಮಾತಿಲ್ಲ ಅಂತಾಯ್ತು."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದರು. ಹಾಗಲ್ಲ ಅಕ್ಕ ಎಂದು ಹೇಳಲು ನನಗೆ ಆಗ ಏನೂ ತೋಚಲಿಲ್ಲ. ನನ್ನೊಂದಿಗೆ ಅವರಾಡಿದ ಕೊನೆಯ ಮಾತು ಅದೇ ಆಯಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವರನ್ನು ಕಳಿಸಿ ಬಂದು, ಸ್ನಾನ ಮಾಡಿ, ನಾವೆಲ್ಲ ಹಾಲಿನಲ್ಲಿ ಗೋಡೆಗೊರಗಿ ಕೂತಿದ್ದೆವು. ಮಕ್ಕಳಿಗೆ ಹಸಿವಾಗಿತ್ತು. ಹೋಟೆಲಿನಿಂದ ಏನಾದರೂ ತರುವೆನೆಂದು ಮೈದುನ ಚಪ್ಪಲಿ ಹಾಕುತ್ತಿದ್ದಾಗ ಸೆಲ್ವಿ ಬಂದಳು. ಕೈಯಲ್ಲಿ ಇಡ್ಲಿ ತುಂಬಿದ ಮುಚ್ಚಳದ ದೊಡ್ಡ ಡಬ್ಬಿ. ಅವಳ ಹಿಂದೆ ಮೂಲೆಮನೆಯ ಮಹಡಿಯ ಹುಡುಗಿ ಅನ್ನ ತಂದಳು. ಆಚೆಮನೆಯ ಅಜ್ಜಿಯ ಸೊಸೆ ಸಾರು ತಂದಳು. ಸ್ವಲ್ಪ ಹೊತ್ತಿಗೆ ಕೆ.ಆರ್. ಪುರದಿಂದ ಹಳೆಯ ನೆರೆಯವರು ಆಟೋದಲ್ಲಿ ಬಂದಿಳಿದರು. ಅವರ ಕೈಯಲ್ಲೂ ಪಾತ್ರೆಗಳಿದ್ದವು. ಎಲ್ಲರೂ ನಮಗೆ ಬಡಿಸಿದರು. ಭಾವನವರು ಬೇಡ ಬೇಡ ಎನ್ನುತ್ತಲೇ ಎರಡು ತುತ್ತು ತಿಂದರು.

ಊಟವಾದ ಮೇಲೆ ಪಾತ್ರೆಗಳನ್ನು ತೊಳೆಯಲು ನಾನು ಕೂತೆ. ದೊಡ್ಡ ಡಬ್ಬಿಯ ಅಂಚು ಉಜ್ಜುವಾಗ ಬೆರಳಿಗೆ ಅಕ್ಷರ ಸಿಕ್ಕಿತು. ಜಯಮ್ಮ. ಅನ್ನದ ಪಾತ್ರೆ ತಿರುಗಿಸಿದೆ, ಜಯಮ್ಮ. ಸಾರಿನ ಪಾತ್ರೆಯಲ್ಲೂ, ಆಟೋದಲ್ಲಿ ಬಂದವುಗಳಲ್ಲೂ ಅದೇ ಹೆಸರು. ಧಾರೆ ಎರೆದುಹೋಯಿತೆಂದು ನಾವು ನಗುತ್ತಿದ್ದ ಪಾತ್ರೆಗಳೆಲ್ಲ ತುಂಬಿಕೊಂಡು ಮನೆಗೆ ಬಂದಿದ್ದವು. ನಾನು ಭಾವನವರನ್ನು ಕರೆದು ತೋರಿಸಿದೆ. ಅವರು ಒಂದೊಂದನ್ನೂ ಎತ್ತಿ ಹೆಸರನ್ನು ಬೆರಳಿಂದ ಸವರಿ ನೋಡಿದರು. ಆಮೇಲೆ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತರು. ನಾನೂ ಅತ್ತೆ. ಬೀದಿಯಲ್ಲಿ ಎಲ್ಲರಿಗೂ ಮಾತಿದೆ ಅಕ್ಕ ಎಂದು ಆಸ್ಪತ್ರೆಯಲ್ಲಿ ಹೇಳಬೇಕಾಗಿದ್ದ ಮಾತು ಆಗ ತೋಚಿತು.

ಪಾತ್ರೆಗಳನ್ನು ಒರೆಸಿ ಊರವರ ಕಲ್ಲಿನ ಮೇಲೆ ಜೋಡಿಸಿದೆ. ಕಲ್ಲು ತುಂಬಿತು. ಆದರೆ ಎಲ್ಲವೂ ನಮ್ಮವೇ. ಯಾವ ಮನೆಗೂ ಹಿಂದಿರುಗಿಸಬೇಕಾದ್ದು ಒಂದೂ ಇರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ನನ್ನ ಗಂಡ, ಇನ್ನಾದರೂ ಓವನ್ ಅಲ್ಲಿ ಇಡಬಹುದಲ್ಲ ಎಂದರು. ಟಿವಿಯ ಪಕ್ಕವೇ ಇರಲಿ ಎಂದೆ.

ಅವರೆಕಾಯಿ ಕಾಲ ಬಂತು. ಜಯಕ್ಕನ ಕೈಯ ಹದ ನನಗೆ ಬರುವುದಿಲ್ಲ, ಆದರೂ ಒಂದು ಭಾನುವಾರ ಹಿದುಕಿದ ಬೇಳೆ ಸಾರು ಮಾಡಿ, ಆ ದೊಡ್ಡ ಡಬ್ಬಿಗೆ ತುಂಬಿಸಿ ಎದುರುಮನೆಗೆ ಹೋದೆ. ಸೆಲ್ವಿ ಬಾಗಿಲಲ್ಲಿ ನಿಂತು ಡಬ್ಬಿಯ ಮೇಲಿನ ಹೆಸರನ್ನೂ ನನ್ನನ್ನೂ ನೋಡಿದಳು. ಒಳಗೆ ಒಲೆಯಿಂದ ದೂರದಲ್ಲಿ ಉಪ್ಪಿನ ಜಾಡಿ ಕಾಣುತ್ತಿತ್ತು.

"ಇದು ಯಾವಾಗ ವಾಪಸ್ ಬೇಕು ಟೀಚರಮ್ಮ?" ಎಂದು ಕೇಳಿದಳು.

"ಪಾತ್ರೆಗೇನ್ ಅವಸರ ಸೆಲ್ವಿ" ಎಂದೆ.

ಅವಳು ನಗಲು ಹೋಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ಅದು ಇನ್ನೂ ವಾಪಸ್ ಬಂದಿಲ್ಲ.